ಕಪ್ಪೆಹೊಂಡದಮ್ಮನ ಗಂಟೆಗೆ ಬಟ್ಟೆ ಕಟ್ಟಿದ್ದು

ಈ ಬೆಟ್ಟಕ್ಕೆ ಇನ್ನೂ ಹೆಸರಿಲ್ಲದಿದ್ದ ಕಾಲ. ಬಂಡೆಗಳ ನಡುವಿನ ಹೊಂಡವೊಂದನ್ನು ನಂಬಿ ಗೊಲ್ಲರ ಹಟ್ಟಿಯೊಂದು ಇಲ್ಲಿ ನೆಲೆಸಿತ್ತು. ಹೊಂಡದ ಸುತ್ತ ಕಾರೆಮುಳ್ಳಿನ ಪೊದೆ, ಹಗಲಲ್ಲೂ ಕತ್ತಲೆ.

ಹಟ್ಟಿಯ ಕಾಟಯ್ಯನ ತಾಯಿ ಸಿರಿಯವ್ವನಿಗೆ ಕಣ್ಣಿರಲಿಲ್ಲ. ಆದರೂ ದೇವರಿಗೆ ಮೀಸಲು ನೀರು ತರುವವಳು ಅವಳೇ. ಬೇಸಿಗೆಯಲ್ಲಿ ಮಗ ಕೈಹಿಡಿದು ಕರೆದೊಯ್ಯುತ್ತಿದ್ದ. ಮಳೆ ಬಿದ್ದು ಕಪ್ಪೆಗಳು ಕೂಗತೊಡಗಿದರೆ ಅವನ ಕೈ ಕೊಡವಿ, ಆ ಕೂಗನ್ನೇ ಹಿಡಿದು ಒಬ್ಬಳೇ ಹೋಗುವಳು. ಅವಳ ಸ್ವಂತದ್ದೆಂದು ಉಳಿದಿದ್ದುದು ಆ ನಡಿಗೆಯೊಂದೇ.

ಒಂದು ಬೇಸಿಗೆ ತೋಳಗಳು ಕುರಿಮರಿಗಳನ್ನು ಎಳೆದೊಯ್ದವು. ಹಟ್ಟಿಯ ಬೇಲಿಗೆ ಮುಳ್ಳನ್ನು ದೂರದ ಗುಡ್ಡದಿಂದ ಹೊತ್ತು ತರುವುದು ವಾಡಿಕೆ. ಕಾಟಯ್ಯ ಹತ್ತಿರದ್ದನ್ನೇ ಕಡಿದ. ಹೊಂಡದ ದಂಡೆ ಬೋಳಾಯಿತು.

"ಎಲ್ಲಿ ಮುಳ್ಳೋ ಇದು?" ಸಿರಿಯವ್ವ ಬೇಲಿ ಮೂಸಿದಳು.

"ಹೊಂಡದ ದಂಡೇದು."

"ಕಪ್ಪೆಗಳು ಇರೋದು ಅಲ್ಲೇ ಅಲ್ವೇನೋ?"

"ಕಪ್ಪೆ ನೀರಾಗೆ ಇರ್ತದೆ ಕಣವ್ವ. ಮುಳ್ಳಿನಾಗೆ ಅಲ್ಲ."

"ಮೊಟ್ಟೆ ಇಡಾಕೆ ನೀರಿಗೆ ಬರ್ತಾವೆ. ಉಳಿದ ದಿನ ಪೊದೆಯಾಗೆ, ಎಲೆ ಅಡೀಲಿ."

"ನೀನು ಹೋಗಿ ನೋಡ್ಕಂಡು ಬಂದ್ಯಾ?"

ಅವಳು ಬೇಲಿಯಿಂದ ಕೈ ತೆಗೆದಳು.

ಮಳೆ ಬಂತು. ಬಿಸಿಲಿಗೆ ಕಾದ ಬೋಳು ದಂಡೆಯಲ್ಲಿ ಒಂದು ಕಪ್ಪೆಯೂ ಉಳಿದಿರಲಿಲ್ಲ. ಅತ್ತ ಬೆಟ್ಟದ ಕೊರಕಲಿನಲ್ಲಿ, ಪೊದೆ ಮುಚ್ಚಿದ ಆಳವಾದ ಮಡುವೊಂದರಲ್ಲಿ ಕಪ್ಪೆಗಳು ಸೇರಿದ್ದವು. ಸಂಜೆ ಕಾಟಯ್ಯನಿಗೂ ಕೂಗು ಕೇಳಿಸಿತು. ಯಾವ ಕಡೆಯಿಂದ ಎಂದು ಅವನು ಗಮನಿಸಲಿಲ್ಲ. ಕಣ್ಣಿದ್ದವನಿಗೆ ಅದು ಬೇಕಿರಲಿಲ್ಲ.

"ತಡಿಯವ್ವ, ನಾನೂ ಬರ್ತೀನಿ."

"ನೀ ಬೇಲಿ ಕಟ್ಟು. ಅವು ಕರೀತಾವೆ."

ಗಡಿಗೆ ಹೊತ್ತು ಹೋದವಳು ಮರಳಲಿಲ್ಲ. ಬೆಳಿಗ್ಗೆ ಮಡುವಿನಲ್ಲಿ ಸಿಕ್ಕಳು. ಗಡಿಗೆ ಒಡೆಯದೆ ಪಕ್ಕದಲ್ಲೇ ತೇಲುತ್ತಿತ್ತು.

ಹೆಣವನ್ನು ಹೊಂಡದ ಬಂಡೆಯ ಮೇಲೆ ಮಲಗಿಸಿ ಕಾಟಯ್ಯ ಕುಳಿತಿರಲು ನೀರಿನೊಳಗಿಂದ ವಾಣಿಯಾಯಿತು:

"ನೀರು ನನ್ನ ತೊಟ್ಟಿಲು, ಪೊದೆ ನನ್ನ ಮನೆ. ಮನೆ ಕಡಿದವನೇ, ತೊಟ್ಟಿಲು ಬರಿದಾಯಿತು. ದಂಡೆ ಮತ್ತೆ ಮುಚ್ಚುವವರೆಗೆ ಇಲ್ಲಿ ನನ್ನ ದನಿ ಇಲ್ಲ."

ಕಾಟಯ್ಯ ಹಟ್ಟಿಯ ಬೇಲಿ ಕಿತ್ತು ಮುಳ್ಳನ್ನೆಲ್ಲ ದಂಡೆಗೆ ಹೊತ್ತ. ಹಟ್ಟಿಯವರು ಬೈದು, ಕುರಿ ಹೊಡೆದುಕೊಂಡು ಬೇರೆ ಕಡೆ ಹೋದರು. ಅವನ ಕುರಿಗಳನ್ನು ತೋಳಗಳು ಮುಗಿಸಿದವು. ಒಣಮುಳ್ಳಿನ ಅಡಿಯಲ್ಲಿ ತರಗೆಲೆ ನಿಂತಿತು; ಕಾರೆಹಣ್ಣು ತಿಂದ ಹಕ್ಕಿಗಳು ಬೀಜ ಉದುರಿಸಿದವು. ಪೊದೆ ಮೇಲೆದ್ದು ಕಪ್ಪೆಗಳು ಹೊಂಡಕ್ಕೆ ಬರುವಷ್ಟರಲ್ಲಿ ಕಾಟಯ್ಯ ಮುದುಕನಾಗಿದ್ದ, ಕಿವಿ ಹೋಗಿತ್ತು. ಸುತ್ತ ಕೂಗು ತುಂಬಿದ್ದ ಸಂಜೆ ಅವನು ಅಮ್ಮನ ಗಡಿಗೆ ಮುಳುಗಿಸಿದ. ಲೋಳೆ ಮೊಟ್ಟೆಗಳು ಬೆರಳಿಗೆ ತಾಗಿದವು. ಕಪ್ಪೆಗಳು ಮರಳಿವೆಯೆಂದು ಅವನಿಗೆ ಆಗ ಗೊತ್ತಾಯಿತು. ನೀರನ್ನು ಹೊಂಡಕ್ಕೇ ಬಗ್ಗಿಸಿ ಗಡಿಗೆಯನ್ನು ಬರಿದಾಗಿಯೇ ಎತ್ತಿಕೊಂಡ.

ಸಿರಿಯವ್ವ ಮಲಗಿದ ಬಂಡೆಯೇ ಇಂದಿನ ಕಪ್ಪೆಹೊಂಡದಮ್ಮ. ಇಲ್ಲಿಗೆ ಕುಡುಗೋಲು ತರುವಂತಿಲ್ಲ. ಮೊದಲ ಮಳೆಗೆ ಪೂಜಾರಿ ಗಂಟೆಯ ನಾಲಗೆಗೆ ಬಟ್ಟೆ ಸುತ್ತುತ್ತಾನೆ. ಕಪ್ಪೆಗಳು ಪೊದೆಗೆ ಮರಳಿದ ಮೇಲೆಯೇ ಬಿಚ್ಚುವುದು. ಆ ದಿನಗಳಲ್ಲಿ ಬಂದ ಭಕ್ತರು ಮಾತಾಡಬಾರದು. ಯಾರು ಯಾವ ಕೂಗು ಹಿಡಿದು ನೀರಿಗೆ ಬರುತ್ತಿದ್ದಾರೋ ತಿಳಿಯದು.