ಮೆಣಸಿನಕಾಯಿ ಇಲ್ಲದ ಅಡುಗೆಮನೆ

ಹೊಳೆದಂಡೆಯ ಆಶ್ರಮದಲ್ಲಿ ಮರುಳಯ್ಯನವರು ಶಿಷ್ಯರಿಗೆ ನಾಟಕ ಬರೆಯುವುದನ್ನು ಕಲಿಸುತ್ತಿದ್ದರು. ಅವರು ಹೂಂ ಅಂದ ನಾಟಕಕ್ಕೆ ಮಾತ್ರ ಊರಿನ ಕಲಾವಿದರು ಬಣ್ಣ ಹಚ್ಚುತ್ತಿದ್ದರು.

ಅಲ್ಲಿ ಎರಡು ಕಟ್ಟಳೆ. ಬರೆದು ಓದಿದವನು ಬೇರೆಯವರ ಮಾತು ಮುಗಿಯುವ ತನಕ ತುಟಿ ಬಿಚ್ಚುವಂತಿಲ್ಲ. ತಪ್ಪು ಕಂಡವನು ಅದೇ ದೃಶ್ಯದಲ್ಲಿ ಪಾತ್ರವಾಗಿ ನಿಲ್ಲಬೇಕು. ಮೊದಲನೆಯದು ಎಲ್ಲರಿಗೂ ನೆನಪಿರುತ್ತಿತ್ತು. ಎರಡನೆಯದು ಅನುಕೂಲ ನೋಡಿಕೊಂಡು ಮರೆತುಹೋಗುತ್ತಿತ್ತು.

ಅವತ್ತು ಶಿಷ್ಯರಲ್ಲೊಬ್ಬನಾದ ತಿಪ್ಪೇಶ ತನ್ನ ನಾಟಕ ಓದಿದ. ಏಳುನೂರು ವರ್ಷ ಹಿಂದಿನ ಒಂದು ಕೋಟೆಯ ಕಥೆ. ಬಾಗಿಲು ತೆರೆದ ದ್ರೋಹಕ್ಕೆ ಕಾವಲುಗಾರನ ತಲೆ ಹೋಗಿದೆ. ಅವನಿಗಾಗಿ ಅತ್ತವರ ತಲೆಯೂ ಹೋಗುತ್ತದೆ ಎಂದು ರಾಜ ಡಂಗುರ ಸಾರಿಸಿದ್ದಾನೆ. ಸತ್ತವನ ಹೆಂಡತಿ ಅರಮನೆಯ ಅಡುಗೆಮನೆಯಲ್ಲಿ ಒರಳಿನ ಮುಂದೆ ಕೂತಿದ್ದಾಳೆ. ರಾಜ ಒಳಗೆ ಬರುತ್ತಾನೆ.

“ಅಳುತ್ತಿದ್ದೀಯಾ?”

“ಇಲ್ಲ ಪ್ರಭು. ಮೆಣಸಿನಕಾಯಿ ಘಾಟು.”

ಜೊತೆಯ ಶಿಷ್ಯ ವಾಮನ ಕಿಸಕ್ಕನೆ ನಕ್ಕುಬಿಟ್ಟ.

ವಾಮನ ಇತಿಹಾಸ ಅರೆದು ಕುಡಿದವನು. ಕುಡಿದದ್ದು ಜೀರ್ಣವಾಗಿತ್ತೋ ಇಲ್ಲವೋ, ಅದು ಬೇರೆ ಮಾತು.

“ಅಯ್ಯೋ ಪುಣ್ಯಾತ್ಮ! ಮೆಣಸಿನಕಾಯಿ ಪರದೇಶದ ಹಡಗು ಹತ್ತಿ ನಮ್ಮ ಕಡೆ ಬಂದದ್ದೇ ಎಷ್ಟೋ ಕಾಲದ ಮೇಲೆ. ಈ ರಾಜ ಅದರ ಹೆಸರೂ ಕೇಳಿರಲಿಕ್ಕಿಲ್ಲ. ನಿನ್ನ ಹೆಂಗಸು ಹುಟ್ಟದ ಮೆಣಸಿನಕಾಯಿ ಅರೀತಾ ಕೂತಿದ್ದಾಳಲ್ಲೋ! ಜನ ಹಲ್ಲು ಬಿಡ್ತಾರೆ. ದೃಶ್ಯವನ್ನೇ ಕಿತ್ತುಹಾಕು.”

ತಿಪ್ಪೇಶನ ಮುಖ ಕಪ್ಪಿಟ್ಟಿತು. ಕಟ್ಟಳೆ ಇತ್ತಲ್ಲ, ಅವನು ಮಾತಾಡಲಿಲ್ಲ. ಹಾಳೆಗಳನ್ನು ಒಟ್ಟು ಮಾಡಿ ಎದ್ದು ನೇರ ಹೊಳೆಯ ಕಡೆ ನಡೆದ.

ವಾಮನನಿಗೆ ಗೆಲ್ಲುವುದು ಬೇಕಿತ್ತೇ ಹೊರತು ಗೆಳೆಯನ ನಾಟಕ ನೀರುಪಾಲಾಗುವುದಲ್ಲ.

“ತಿಪ್ಪೇಶ,” ಗುರುಗಳು ಕೂತಲ್ಲಿಂದಲೇ ಕರೆದರು. “ಹೊಳೆಗೆ ಹಾಕೋದಾದರೆ ಸಂಜೆಗೂ ಹಾಕಬಹುದು. ತಪ್ಪು ಕಂಡವನು ಇನ್ನೂ ದೃಶ್ಯದಲ್ಲಿ ನಿಂತಿಲ್ಲ. ಬಾ, ಕೂತುಕೋ.”

ಆಮೇಲೆ ವಾಮನನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಒರಳಿನ ಮುಂದೆ ಕೂರಿಸಿದರು.

“ನೀನೇ ಆ ಹೆಂಗಸು. ನಾನು ರಾಜ. ನೀನು ಹೇಳಿದ್ದು ಸರಿ, ಮೆಣಸಿನಕಾಯಿ ಬೇಡ. ತಗೋ, ಅಕ್ಕಿ ರುಬ್ಬು.”

ವಾಮನ ಸೆರಗಿನ ಹಾಗೆ ಹೆಗಲ ವಸ್ತ್ರವನ್ನು ತಲೆಗೆಳೆದುಕೊಂಡು ರುಬ್ಬತೊಡಗಿದ. ಮೊದಮೊದಲು ಅವನಿಗೆ ನಗು ತಡೆಯಲಾಗಲಿಲ್ಲ. ಗುರುಗಳು ಮಾತ್ರ ನಗಲಿಲ್ಲ. ಬಾಗಿಲಲ್ಲಿ ಬಂದು ನಿಂತರು, ಮಿಸುಕದೆ ಅವನನ್ನೇ ನೋಡುತ್ತಾ ಬಹಳ ಹೊತ್ತು ನಿಂತರು.

“ಅಳುತ್ತಿದ್ದೀಯಾ?”

“ಇಲ್ಲ ಪ್ರಭು...” ಅಂದ ವಾಮನ. ಮುಂದಕ್ಕೆ ಮಾತು ಸಿಗಲಿಲ್ಲ. ಒರಳಲ್ಲಿ ಬೆಳ್ಳಗೆ ಅಕ್ಕಿ ಹಿಟ್ಟು.

“ಕಣ್ಣಲ್ಲಿ ನೀರಿದೆ. ಯಾತರದ್ದು?”

ವಾಮನ ಒರಳೊಳಗೆ ಕೈಯಾಡಿಸಿ ನೋಡಿದ.

“ಹಾಗಾದರೆ ಅಳುತ್ತಿದ್ದೀಯೆ,” ಎಂದು ಗುರುಗಳು ಎರಡು ಬೆರಳಿನಿಂದ ಅವನ ಕತ್ತು ಮುಟ್ಟಿದರು. “ಹೋಯಿತು ಇವಳ ತಲೆ.”

ವಾಮನ ಕತ್ತು ಮುಟ್ಟಿ ನೋಡಿಕೊಂಡ.

“ರಾಜ ತೆಗೆದದ್ದಲ್ಲ ವಾಮನ. ಅವಳಿಗೆ ಇದ್ದದ್ದು ಒಂದೇ ಮರೆ. ಅದನ್ನು ಕಿತ್ತುಕೊಂಡವನು ನೀನು.”

“ತಪ್ಪಾಯಿತು ಗುರುಗಳೇ. ಮೆಣಸಿನಕಾಯಿ ಇರಲಿ ಬಿಡಿ.”

“ಇಲ್ಲದ ಮೆಣಸಿನಕಾಯಿ ಎಲ್ಲಿಂದ ತರಲಿ? ನೀನು ಕಂಡ ತಪ್ಪು ತಪ್ಪೇ. ಆದರೆ ರಾಜ ಮತ್ತೆ ಬರುತ್ತಾನೆ. ಅಷ್ಟರೊಳಗೆ ಅವಳನ್ನು ಉಳಿಸು.”

ಗುರುಗಳು ಹೊರಗೆ ಹೋದರು. ವಾಮನ ಅಡುಗೆಮನೆಯೆಲ್ಲಾ ತಡಕಾಡಿದ. ಡಬ್ಬಿಗಳನ್ನು ಮೂಸಿದ, ಕಾಳುಮೆಣಸು ಕುಟ್ಟಿ ನೋಡಿದ. ಬರೀ ಸೀನು ಬಂತು. ಈರುಳ್ಳಿಯಂತೂ ಆಶ್ರಮದ ಒಳಗೆ ಬರುತ್ತಿರಲಿಲ್ಲ. ಅವನಿಗೆ ಅಳುವೇ ಬರುವಂತಾಯಿತು. ಅಷ್ಟು ಓದಿದ್ದರಲ್ಲಿ ಒಬ್ಬ ಹೆಂಗಸಿಗೆ ಅಳಲಿಕ್ಕೆ ಜಾಗವಿರಲಿಲ್ಲ.

ಕೊನೆಗೆ ಹಿತ್ತಿಲಿಗೆ ಓಡಿದ. ಹೊಸದಾಗಿ ಕಡಿದು ಹಾಕಿದ್ದ ಸೌದೆ ತಂದು ಒಲೆಗೆ ತುರುಕಿದ. ಊದುಕೊಳವೆ ಹಿಡಿದು ಕೆನ್ನೆ ಉಬ್ಬಿಸಿ ಊದಿದ. ಅಡುಗೆಮನೆಯ ತುಂಬ ಹೊಗೆಯೋ ಹೊಗೆ.

ಬಾಗಿಲಲ್ಲಿ ರಾಜ ಬಂದು ನಿಂತ.

“ಅಳುತ್ತಿದ್ದೀಯಾ?”

“ಇಲ್ಲ ಪ್ರಭು,” ವಾಮನ ಕೆಮ್ಮುತ್ತಾ ಅಂದ. ಅವನ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. “ಸೌದೆ ಹಸಿ.”

ರಾಜ ಅವನನ್ನು ನೋಡಿದ, ಒಲೆಯನ್ನು ನೋಡಿದ, ತಿರುಗಿ ಹೋದ.

ಅವಳು ಬದುಕಿಕೊಂಡಳು. ವಾಮನ ನೆಲದ ಮೇಲೆ ಉಸ್ಸೆಂದು ಕೂತುಬಿಟ್ಟ. ಅವನಿಗೆ ನಿಜಕ್ಕೂ ಸಂತೋಷವಾಗಿತ್ತು.

ಬಾಗಿಲ ಹೊರಗೆ ನಿಂತು ನೋಡುತ್ತಿದ್ದ ತಿಪ್ಪೇಶನಿಗೆ ಆಗಿರಲಿಲ್ಲ. ಈಗ ಅವನ ಬಾಯಿಯ ಬೀಗ ತೆಗೆದಿತ್ತು.

“ಗುರುಗಳೇ, ಹೊಗೆ ಇವನು ಹಾಕಿದ್ದು. ನನ್ನ ನಾಟಕದಲ್ಲಿ ಇವನ ಸೌದೆ ಯಾಕೆ? ಬೇಡ. ಇದಕ್ಕಿಂತ ಹೊಳೆಯೇ ವಾಸಿ.”

“ಸೌದೆ ಅವನದು, ಒಪ್ಪಿದೆ,” ಅಂದರು ಗುರುಗಳು. “ದುಃಖ ಯಾರದು?”

ತಿಪ್ಪೇಶ ಒರಳಿನ ಪಕ್ಕ ಕೂತಿದ್ದ ವಾಮನನನ್ನು ನೋಡಿದ. ಮುಖವೆಲ್ಲ ಮಸಿ, ಮೂಗಿನ ತುದಿಯಲ್ಲಿ ಹಿಟ್ಟು. ಇನ್ನೂ ತಲೆಯ ಮೇಲಿನ ವಸ್ತ್ರ ತೆಗೆದಿರಲಿಲ್ಲ. ತಿಪ್ಪೇಶನಿಗೆ ಸಿಟ್ಟು ಇಳಿಯಿತೋ ನಗು ಬಂತೋ, ಹಾಳೆ ಬಿಡಿಸಿಕೊಂಡು ಅಲ್ಲೇ ಬರೆಯಲು ಕೂತ.

ಸಂಜೆ ಹೊಳೆಯ ಮೆಟ್ಟಿಲ ಮೇಲೆ ಮೂವರೂ ಕೂತರು. ತಿಪ್ಪೇಶ ತಿದ್ದಿದ ದೃಶ್ಯವನ್ನು ಮೊದಲಿಂದ ಓದಿದ. ರಾಜ ಬಂದ, ಕೇಳಿದ, ಹೋದ. ಹೆಂಗಸು ಮತ್ತೊಂದು ಹಸಿ ಸೌದೆ ಒಲೆಗಿಟ್ಟಳು, ಆಮೇಲೆ ಇನ್ನೊಂದು.

ಓದು ಮುಗಿಯಿತು. ಒಳಗೆ ಒಲೆ ಆರಿ ಬಹಳ ಹೊತ್ತಾಗಿತ್ತು. ಹೊಳೆಯ ಮೇಲಿಂದ ತಣ್ಣನೆ ಗಾಳಿ ಬರುತ್ತಿತ್ತು.

ವಾಮನ ತಿರುಗಿ ನೋಡಿದ.

“ಗುರುಗಳೇ, ನೀವು ಅಳುತ್ತಿದ್ದೀರಾ?”

“ಇಲ್ಲಪ್ಪ,” ಅಂದರು ಮರುಳಯ್ಯನವರು. “ಸೌದೆ ಹಸಿ.”