ಪ್ರೋಟೀನ್ ಡಬ್ಬದ ಸಾವಯವ ಮುದ್ರೆ

ಹಾಲಿನ ತಿಳಿನೀರಿನಿಂದ ಮಾಡಿದ ವೇ ಪ್ರೋಟೀನ್ ಪುಡಿ ಮುಗಿದ ಡಬ್ಬವನ್ನು ಮನೆಯಾಕೆ ಎಸೆಯಲಿಲ್ಲ. ತೊಳೆದು ಒಣಗಿಸಿ, ಇರುವೆಗೆ ಹಾಕುವ ವಿಷದ ಪುಡಿಯನ್ನು ಅದರಲ್ಲಿ ತುಂಬಿ, ಮುಚ್ಚಳ ಸರಿಯಾಗಿ ಹಾಕದೆ ಹಿತ್ತಿಲ ಗೋಡೆಯ ಗೂಡಿನಲ್ಲಿಟ್ಟಳು. ಡಬ್ಬಕ್ಕೆ ಅಂಟಿದ್ದ ಸಾವಯವ ಮುದ್ರೆ ಹಾಗೇ ಉಳಿಯಿತು.

ಒಂದು ಇರುವೆ ಬಂದು ಮುದ್ರೆಯನ್ನು ಕೇಳಿತು: “ಸ್ವಾಮಿ, ಈ ಪುಡಿಯನ್ನು ಮರಿಗಳಿಗೆ ಒಯ್ಯಬಹುದೇ?”

“ಧಾರಾಳವಾಗಿ ಒಯ್ಯಿ,” ಎಂದಿತು ಮುದ್ರೆ. “ಹಸು ಮೇಯುವ ಹುಲ್ಲಿಗೆ ರಾಸಾಯನಿಕ ಗೊಬ್ಬರ ಹಾಕಿಲ್ಲವೆಂದು ಅಧಿಕಾರಿಗಳು ಹೊಲಕ್ಕೇ ಹೋಗಿ ನೋಡಿದ್ದಾರೆ. ಹಾಲು ಒಡೆಸಿ, ತಿಳಿನೀರನ್ನು ಪುಡಿ ಮಾಡುವ ಕಾರ್ಖಾನೆಯನ್ನೂ ತಪಾಸಣೆ ಮಾಡಿದ್ದಾರೆ. ಆಮೇಲೆಯೇ ನನ್ನನ್ನು ಇಲ್ಲಿ ಅಂಟಿಸಿದ್ದು.”

“ಅದು ಹಸುವಿನ ವಿಷಯವಾಯಿತು. ಇಲ್ಲಿ ಏನೋ ಘಾಟು ಬರುತ್ತಿದೆ. ಈಗ ಒಳಗೇನಿದೆ ಎಂದು ತಾವು ನೋಡಿದ್ದೀರಾ?”

“ನನ್ನ ಜಾಗ ಡಬ್ಬದ ಹೊರಗೆ. ಒಳಗೆ ಇಣುಕುವುದು ನನ್ನ ಕೆಲಸವಲ್ಲ.”

ಇರುವೆ ಎರಡು ಹೆಜ್ಜೆ ಹಿಂದೆ ಸರಿಯಿತು.

ಮುದ್ರೆಗೆ ರೇಗಿತು. “ಎಂಥ ಅನುಮಾನದ ಪ್ರಾಣಿ ನೀನು. ನಿನ್ನೆ ನಿಮ್ಮ ಗೂಡಿನವರೇ ನಲವತ್ತು ಮಂದಿ ಬಂದಿದ್ದರು. ನನ್ನನ್ನು ನೋಡಿದವರೇ ಒಂದು ಪ್ರಶ್ನೆಯನ್ನೂ ಕೇಳದೆ ಒಳಗೆ ಹೋದರು. ಅವರಲ್ಲಿ ಒಬ್ಬರಿಂದಲೂ ಇಂದಿನವರೆಗೆ ದೂರು ಬಂದಿಲ್ಲ.”