ಏಳು ತಲೆಮಾರಿನ ಇದ್ದಿಲೊಲೆ

"ಈ ಇದ್ದಿಲೊಲೆ ಏಳು ತಲೆಮಾರು ಬಾಳಿಕೆ ಬರುತ್ತೆ. ಅದಕ್ಕೆ ಮುಂಚೆ ಕೆಟ್ಟರೆ ತಪ್ಪು ಒಲೆಯದಲ್ಲ, ನಿನ್ನದು. ನಿನ್ನ ಉಂಬಳಿ ಗದ್ದೆ ವಾಪಸು."

ಪಾಳೆಯಗಾರ ದೊಡ್ಡಕೆಂಚ ನಾಯಕ ತುಂಬಿದ ಸಭೆಯಲ್ಲಿ ಹೀಗೆ ಕೊಚ್ಚಿಕೊಂಡು, ಹೊಚ್ಚಹೊಸ ಕಬ್ಬಿಣದ ಒಲೆಯನ್ನು ತನ್ನ ವಿದೂಷಕ ದ್ಯಾವಣ್ಣನಿಗೆ ಇನಾಮು ಕೊಟ್ಟ.

ದ್ಯಾವಣ್ಣನಿಗೆ ಚುರುಕೆಲ್ಲ ನಾಲಿಗೆಯಲ್ಲಿ, ಮೈಯಲ್ಲಿ ಬರೀ ಸೋಮಾರಿತನ. "ಮುಂದೆ ಹೋಗೋದು ನನ್ನ ಹೊಟ್ಟೆ. ನಾನು ಅದರ ಹಿಂದೆ ಬರೋ ಆಳು," ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಸಂಜೆಯಾದರೆ ಒಲೆಗೆ ಇದ್ದಿಲು ತುಂಬಿ, ಮೇಲಿನ ಕಂಬಿಗಳ ಮೇಲೆ ಉಪ್ಪುಖಾರ ಸವರಿದ ಕೋಳಿ ಸುಡುತ್ತಿದ್ದ. ತಿಂದು ಕೈ ತೊಳೆದರೆ ಅವನ ಕೆಲಸ ಮುಗಿಯಿತು. ಬೂದಿ ಅಲ್ಲೇ ಇರುತ್ತಿತ್ತು. ಮಳೆಗಾಲದ ತೇವ ಬೂದಿಗೆ ಸೇರಿತು, ಬೂದಿ ಕಬ್ಬಿಣವನ್ನು ತಿಂದಿತು. ಕೆಲವು ವರ್ಷದಲ್ಲಿ ಒಲೆಯ ತಳವೇ ಕಳಚಿ ಬಿತ್ತು.

ಅದೇ ಹೊತ್ತಿಗೆ ಪಕ್ಕದ ಸೀಮೆಯ ಪಾಳೆಯಗಾರ ನೆಂಟನಾಗಿ ಬಂದ. ನಾಯಕ ಅವನ ಮುಂದೆ ಒಲೆಯನ್ನು ಬಾಯ್ತುಂಬ ಹೊಗಳಿ, ನಾಳೆ ಅದನ್ನು ಸಭೆಗೆ ತರಬೇಕೆಂದು ದ್ಯಾವಣ್ಣನಿಗೆ ಹೇಳಿಕಳಿಸಿದ.

ಗದ್ದೆ ಹೋದರೆ ಮನೆಯಲ್ಲಿ ಅಂಬಲಿಗೂ ಗತಿಯಿಲ್ಲ.

"ಊರಿನ ಜಾಣರಿಗೆಲ್ಲ ಟೋಪಿ ಹಾಕಿದವನು ನಾನು, ಒಂದು ಹಿಡಿ ಬೂದಿ ಕೈಲಿ ಸೋತೆನಲ್ಲೇ," ಎಂದು ಹೆಂಡತಿ ಗಿರಿಯವ್ವನ ಮುಂದೆ ಗೋಳಾಡಿದ.

ಗಿರಿಯವ್ವ ಅಂಗಳದಲ್ಲಿ ಕೆದಕುತ್ತಿದ್ದ ಹೇಂಟೆಯನ್ನು ತೋರಿಸಿದಳು. "ಇದರ ಅವ್ವನ್ನ, ಅಜ್ಜೀನ, ಮುತ್ತಜ್ಜೀನ, ಎಲ್ಲಾನೂ ಆ ಒಲೆ ಮೇಲೇ ಸುಟ್ಟು ತಿಂದ್ರಿ. ಒಂದಿನ ಬೂದಿ ಚೆಲ್ಲಿದ್ರಾ?"

ದ್ಯಾವಣ್ಣ ಗೋಳಾಟ ನಿಲ್ಲಿಸಿದ. "ಮುತ್ತಜ್ಜಿಗೂ ಹಿಂದಿನೋರನ್ನ ಸ್ವಲ್ಪ ಎಣಿಸೇ," ಎಂದ.

ಮರುದಿನ ಕಂಬಿಗಳನ್ನು ಕಂಕುಳಲ್ಲಿಟ್ಟುಕೊಂಡು, ತಳವಿಲ್ಲದ ಒಲೆಯನ್ನು ಕೊರಳಿಗೆ ಹಾರದ ಹಾಗೆ ಹಾಕಿಕೊಂಡೇ ಸಭೆಗೆ ಬಂದ. ನೆಂಟ ಮೀಸೆಯಡಿ ನಕ್ಕ. ನಾಯಕನ ಮುಖ ಕಪ್ಪಿಟ್ಟಿತು.

"ಏನೋ ಇದು? ಏಳು ತಲೆಮಾರು ಅಂದಿದ್ದೆನಲ್ಲೋ?"

"ತಮ್ಮ ಮಾತು ಕೂದಲೆಳೆಯಷ್ಟೂ ತಪ್ಪಲಿಲ್ಲ, ಮಹಾಸ್ವಾಮಿ. ನಮ್ಮ ಮನೆ ಕೋಳಿಗಳ ಏಳು ತಲೆಮಾರು ಇದರ ಮೇಲೆ ಸುಟ್ಟಾಯ್ತು. ಏಳನೇದನ್ನ ಇಳಿಸಿದೆ, ತಳ ಬಿತ್ತು. ಯಾರ ತಲೆಮಾರು ಅಂತ ತಾವು ಅಪ್ಪಣೆ ಕೊಡಿಸಿರಲಿಲ್ಲ."

ನೆಂಟ ಹೊಟ್ಟೆ ಹಿಡಿದುಕೊಂಡು ನಕ್ಕ. ಆಡಿದ ಮಾತು ಉಳಿಯಿತೆಂಬ ಸಮಾಧಾನಕ್ಕೆ ನಾಯಕನೂ ನಕ್ಕುಬಿಟ್ಟ.

"ಗದ್ದೆ ನಿನಗೇ ಇರಲಿ. ಹೊಸ ಒಲೇನೂ ಕೊಡಿಸ್ತೀನಿ. ಆದರೆ ಈ ಸಲ ಬಿಡಿಸಿ ಹೇಳ್ತೀನಿ ಕೇಳು. ಅದು ನಿನ್ನ ವಂಶದ ಏಳು ತಲೆಮಾರು ಬಾಳಬೇಕು."

ದ್ಯಾವಣ್ಣ ಕೈಮುಗಿದ.

"ಹಾಗಾದ್ರೆ ಬೂದಿ ಚೆಲ್ಲೋಕೆ ಬೇರೆ ವಂಶದ ಆಳನ್ನೂ ಕೊಡಿಸಿ, ಮಹಾಸ್ವಾಮಿ. ಮುಂದೆ ಹುಟ್ಟೋರೆಲ್ಲ ನನ್ನ ರಕ್ತವೇ."